ತೊದಲು ಮಾತಿನ ಗಣಿತ ಮೇಷ್ಟ್ರು

‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಬರೆದ ಲೂಯಿಸ್ ಕ್ಯಾರಲ್ ಗಣಿತದ ಮೇಷ್ಟ್ರು ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ನಿಜವಾದ ಹೆಸರು ಚಾರ್ಲ್ಸ್ ಲಟ್ವಿಜ್ ಡಾಜ್‌ಸನ್. 1832ರಲ್ಲಿ ಇಂಗ್ಲೆಂಡಿನ ಡೇರ್ಸ್‌ಬರಿಯಲ್ಲಿ, ಪಾದ್ರಿಯೊಬ್ಬರ ಹನ್ನೊಂದು ಮಕ್ಕಳಲ್ಲಿ ಒಬ್ಬರಾಗಿ ಹುಟ್ಟಿದರು. ಚಿಕ್ಕಂದಿನಿಂದಲೂ ಅವರಿಗೆ ಮಾತು ತೊದಲುತ್ತಿತ್ತು. ದೊಡ್ಡವರಾದ ಮೇಲೂ ಅದು ಬಿಟ್ಟುಹೋಗಲಿಲ್ಲ. ಆದರೂ 1855ರಿಂದ 1881ರವರೆಗೆ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಗಣಿತ ಪಾಠ ಹೇಳಿದರು.

ನನಗೂ ತೊದಲು ಇದೆ. ಬಿ.ಇ. ಓದುತ್ತಿರುವ ನನಗೆ ವೈವಾ, ಸೆಮಿನಾರ್ ಎಂದರೆ ಹೆಸರಿನ ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮುಂದೆ ಪ್ಲೇಸ್‌ಮೆಂಟ್ ಸಂದರ್ಶನ ಬೇರೆ ಇದೆ. ಹಾಗಾಗಿಯೇ ಈ ಮೇಷ್ಟ್ರ ಬದುಕು ನನಗೆ ಹತ್ತಿರ.

ಮಾತಿಗೆ ತಡವರಿಸುತ್ತಿದ್ದವರು ಕಾಗದದ ಮೇಲೆ ಗುಟ್ಟು ಅಡಗಿಸುವುದರಲ್ಲಿ ನಿಸ್ಸೀಮರು. 1871ರಲ್ಲಿ ಬಂದ ಎರಡನೇ ಆಲಿಸ್ ಕಥೆಯ ಕೊನೆಯ ಪದ್ಯದಲ್ಲಿ, ಸಾಲುಗಳ ಮೊದಲ ಅಕ್ಷರಗಳನ್ನು ಮೇಲಿಂದ ಕೆಳಕ್ಕೆ ಓದಿದರೆ ಕಥೆಗೆ ಕಾರಣಳಾದ ಹುಡುಗಿ ಆಲಿಸ್ ಪ್ಲೆಸನ್ಸ್ ಲಿಡೆಲ್‌ಳ ಪೂರ್ಣ ಹೆಸರು ಸಿಗುತ್ತದೆ. ಆ ಕಥೆಯೊಳಗೆ ಒಂದು ಚೆಸ್ ಆಟವೂ ಇದೆ. ಕಾಲಾಳಾಗಿ ಹೊರಟ ಆಲಿಸ್ ಕೊನೆಗೆ ರಾಣಿಯಾಗುತ್ತಾಳೆ. 1868ರಲ್ಲಿ ಅವರು ಒಂದು ಸಂಕೇತ ಲಿಪಿಯನ್ನೂ ಪ್ರಕಟಿಸಿದರು. ಅಕ್ಷರಗಳ ಕೋಷ್ಟಕ ಯಾರ ಕೈಗೆ ಸಿಕ್ಕರೂ ಪರವಾಗಿಲ್ಲ, ಕೀಲಿಪದ ಮಾತ್ರ ಇಬ್ಬರ ನೆನಪಿನಲ್ಲಿರಬೇಕು. ನಾವು ಕ್ರಿಪ್ಟೋಗ್ರಫಿಯಲ್ಲಿ ಓದುವ ವಿಜನೇರ್ ಸೈಫರ್ ಇದೇ ಬಗೆಯದು.

ನನಗೆ ಹೆಚ್ಚು ಇಷ್ಟವಾದದ್ದು ‘ಎ ಟ್ಯಾಂಗಲ್ಡ್ ಟೇಲ್’. ಮೊದಲು ಪತ್ರಿಕೆಯಲ್ಲಿ ಕಂತುಗಳಾಗಿ ಬಂದು, 1885ರಲ್ಲಿ ಆರ್ಥರ್ ಫ್ರಾಸ್ಟ್ ಅವರ ಚಿತ್ರಗಳೊಂದಿಗೆ ಪುಸ್ತಕವಾಯಿತು. ಇದರಲ್ಲಿರುವ ಹತ್ತು ಕಥೆಗಳನ್ನು ಅವರು ‘ಗಂಟು’ಗಳೆಂದು ಕರೆದರು. ಪ್ರತಿ ಗಂಟಿನೊಳಗೂ ಲೆಕ್ಕ ಅಡಗಿದೆ. ಓದುಗರು ಉತ್ತರ ಬರೆದು ಕಳಿಸುತ್ತಿದ್ದರು. ಕ್ಯಾರಲ್ ಅವುಗಳಿಗೆ ದರ್ಜೆ ಕೊಟ್ಟು, ಯಾರು ಎಲ್ಲಿ ಎಡವಿದರೆಂದು ತಮಾಷೆಯಾಗಿ ತಿಳಿಸುತ್ತಿದ್ದರು. ಕಾಗದದ ಮೇಲೆ ನಡೆದ ತರಗತಿ ಅದು. ಅಲ್ಲಿ ಮೇಷ್ಟ್ರ ನಾಲಿಗೆಗೆ ಅವಸರವಿರಲಿಲ್ಲ.

1898ರ ಜನವರಿಯಲ್ಲಿ ಅವರು ತೀರಿಕೊಂಡರು. ತೊದಲು ಹೋಗಲಿ, ಆಮೇಲೆ ಪಾಠ ಹೇಳೋಣ ಎಂದು ಅವರು ಕಾದಿದ್ದರೆ ಆ 26 ವರ್ಷಗಳ ಮೇಷ್ಟ್ರುಗಿರಿಯೇ ಇರುತ್ತಿರಲಿಲ್ಲ. ಸಂದರ್ಶನದಲ್ಲಿ ನನ್ನ ಸರದಿ ಬಂದಾಗ ನಾನೂ ಕಾಯುವುದಿಲ್ಲ. ತೊದಲುತ್ತೇನೆ, ಸ್ವಲ್ಪ ಸಮಯ ಕೊಡಿ ಎಂದು ಮೊದಲೇ ಕೇಳಿ, ಗೊತ್ತಿರುವ ಉತ್ತರವನ್ನು ಪೂರ್ತಿ ಹೇಳಿಯೇ ಏಳುತ್ತೇನೆ.