ಬೆನಗಲ್ ನರಸಿಂಗ ರಾವ್ ಮತ್ತು ಅಧಿಕಾರ ಹಸ್ತಾಂತರದ ಕಾನೂನು

ಭಾರತದಲ್ಲಿ ಬ್ರಿಟಿಷ್ ಆಳ್ವಿಕೆ ಕೊನೆಗೊಂಡ ಸಂದರ್ಭವನ್ನು ಚರಿತ್ರಕಾರರು ಸಾಮಾನ್ಯವಾಗಿ ಹೋರಾಟ, ಸಂಧಾನ ಮತ್ತು ವಿಭಜನೆ ಎಂಬ ಮೂರು ನೆಲೆಗಳಲ್ಲಿ ವಿವೇಚಿಸುತ್ತಾರೆ. ಇವುಗಳಷ್ಟು ಚರ್ಚೆಗೆ ಒಳಗಾಗದ ನಾಲ್ಕನೆಯ ನೆಲೆಯೊಂದಿದೆ, ಅದು ಕಾನೂನಿನದು. ಕಡಲಾಚೆಯ ಪಾರ್ಲಿಮೆಂಟು ಮಾಡಿದ ಶಾಸನಗಳ ಮೇಲೆ ನಿಂತಿದ್ದ ಆಳ್ವಿಕೆಯನ್ನು ಒಂದು ದಿನಾಂಕದಂದು ಮುಗಿಸುವುದು ಸಾಧ್ಯ. ಆದರೆ ಮರುದಿನ ಬೆಳಿಗ್ಗೆ ನ್ಯಾಯಾಲಯವು ಯಾವ ಕಾನೂನಿನಂತೆ ತೀರ್ಪು ಕೊಡಬೇಕು, ಕಂದಾಯವನ್ನು ಯಾವ ಅಧಿಕಾರದಿಂದ ವಸೂಲು ಮಾಡಬೇಕು, ಹಿಂದಿನ ದಿನ ನೋಂದಣಿಯಾದ ಕ್ರಯಪತ್ರ ಊರ್ಜಿತವೇ ಎಂಬ ಪ್ರಶ್ನೆಗಳು ಉಳಿಯುತ್ತವೆ. ಹಳೆಯ ಕಾನೂನನ್ನೇ ಮುಂದುವರಿಸಿದರೆ, ಪಡೆದ ಸ್ವಾತಂತ್ರ್ಯವು ಆಳಿದವರ ಕೊಡುಗೆ ಮಾತ್ರವೇ ಎಂಬ ಇನ್ನೊಂದು ಪ್ರಶ್ನೆ ಏಳುತ್ತದೆ. ಈ ಇಕ್ಕಟ್ಟಿನ ನಡುವೆ ದಾರಿ ಹುಡುಕಿದವರಲ್ಲಿ ಬೆನಗಲ್ ನರಸಿಂಗ ರಾಯರು ಪ್ರಮುಖರು.

ರಾಯರು 1887ರ ಫೆಬ್ರವರಿ 26ರಂದು, ಅಂದು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಚಿತ್ರಾಪುರ ಸಾರಸ್ವತ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ರಾಘವೇಂದ್ರ ರಾಯರು ವೈದ್ಯರು. ಸೋದರರಲ್ಲಿ ರಾಮರಾಯರು ಮುಂದೆ ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಆದರು. ಶಿವರಾಯರು ಪತ್ರಕರ್ತರಾಗಿ, ಸಂವಿಧಾನ ರಚನಾ ಸಭೆಯ ಸದಸ್ಯರಾಗಿ ಹೆಸರಾದರು. ನರಸಿಂಗ ರಾಯರ ಶಾಲಾ ವಿದ್ಯಾಭ್ಯಾಸ ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ನಡೆಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿಯೂ ಉನ್ನತ ವ್ಯಾಸಂಗ ಮಾಡಿ, ಇಂಡಿಯನ್ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಬಂಗಾಳದಲ್ಲಿ ಸೇವೆಗೆ ಸೇರಿದರು.

ಅವರ ಕಾನೂನು ಜೀವನದ ಬುನಾದಿ ಬಿದ್ದುದು ಅಸ್ಸಾಮಿನಲ್ಲಿ. 1925ರಿಂದ ಕೆಲವು ವರ್ಷ ಅಲ್ಲಿ ಶಾಸನ ಪರಿಷತ್ತಿನ ಕಾರ್ಯದರ್ಶಿಯಾಗಿ ಹಾಗೂ ಸರ್ಕಾರದ ಕಾನೂನು ಅಧಿಕಾರಿಯಾಗಿ ಅವರು ಮಸೂದೆಗಳನ್ನು ರೂಪಿಸುವ ಕಲೆಯಲ್ಲಿ ಪಳಗಿದರು. 1935ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಭಾರತ ಸರ್ಕಾರ ಶಾಸನವನ್ನು ಅಂಗೀಕರಿಸಿದಾಗ ಪ್ರಾಂತ್ಯಗಳಿಗೆ ಸ್ವಾಯತ್ತತೆ ದೊರೆಯಿತು. ಬರ್ಮಾ ದೇಶವು 1937ರ ಏಪ್ರಿಲ್ 1ರಿಂದ ಭಾರತದ ಆಡಳಿತದಿಂದ ಬೇರ್ಪಟ್ಟಿತು. ಅಧಿಕಾರಸ್ಥಾನಗಳ ಹೆಸರು ಮತ್ತು ವ್ಯಾಪ್ತಿ ಬದಲಾದುದರಿಂದ ಅದುವರೆಗಿನ ಶಾಸನಗಳನ್ನೆಲ್ಲ ಹೊಸ ವ್ಯವಸ್ಥೆಗೆ ಹೊಂದಿಸಬೇಕಾಯಿತು. ಆ ಪರಿಷ್ಕರಣ ಕಾರ್ಯ ರಾಯರ ಪಾಲಿಗೆ ಬಂದಿತು. ಒಂದು ಶಾಸನದಲ್ಲಿ ಅಧಿಕಾರವನ್ನು ಯಾರಿಗೆ ವಹಿಸಲಾಗಿದೆಯೋ ಆ ಪದವನ್ನು ಬದಲಿಸಿದರೆ ಇಡೀ ಶಾಸನದ ಅರ್ಥವೇ ಬದಲಾಗುತ್ತದೆ ಎಂಬುದನ್ನು ಅವರು ಇಲ್ಲಿ ಸಾಲುಸಾಲಾಗಿ ಕಂಡರು. ಹತ್ತು ವರ್ಷಗಳ ಬಳಿಕ ದೇಶಕ್ಕೆ ಬೇಕಾದ ವಿದ್ಯೆಯೂ ಇದೇ ಆಗಿತ್ತು.

1938ರಲ್ಲಿ ಸರ್ಕಾರ ಅವರಿಗೆ ಸರ್ ಪದವಿ ನೀಡಿತು. ಅನಂತರ ಅವರು ಕಲ್ಕತ್ತೆಯ ಹೈಕೋರ್ಟಿನ ನ್ಯಾಯಾಧೀಶರಾದರು. 1941ರಲ್ಲಿ ಹಿಂದೂ ಕಾನೂನು ಸಮಿತಿಯ ಅಧ್ಯಕ್ಷತೆಯೂ, ಸಿಂಧೂ ನದಿಯ ನೀರಿನ ಬಗೆಗೆ ಪಂಜಾಬ್ ಮತ್ತು ಸಿಂಧ್ ಪ್ರಾಂತ್ಯಗಳ ನಡುವಿದ್ದ ವಿವಾದವನ್ನು ಪರಿಶೀಲಿಸುವ ಆಯೋಗದ ಅಧ್ಯಕ್ಷತೆಯೂ ಅವರಿಗೆ ದೊರೆತವು. 1944ರಲ್ಲಿ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾದ ರಾಯರು ಮಹಾರಾಜರೊಡನೆ ಅಭಿಪ್ರಾಯಭೇದವುಂಟಾಗಿ ಮರುವರ್ಷವೇ ಆ ಸ್ಥಾನವನ್ನು ತೊರೆದರು.

1946ರ ಮೇ 16ರ ಕ್ಯಾಬಿನೆಟ್ ಆಯೋಗದ ಯೋಜನೆಯಂತೆ ಸಂವಿಧಾನ ರಚನಾ ಸಭೆ ಏರ್ಪಡುವ ಹಂತದಲ್ಲಿ, ಅದೇ ವರ್ಷದ ಜುಲೈ ತಿಂಗಳಿನಲ್ಲಿ, ರಾಯರು ಸಂವಿಧಾನ ಸಲಹೆಗಾರರಾಗಿ ನಿಯುಕ್ತರಾದರು. ಈ ಹೊಣೆಯನ್ನು ಅವರು ಗೌರವ ಸೇವೆಯಾಗಿ ನಿರ್ವಹಿಸಿದರು. ಸಭೆ ಡಿಸೆಂಬರ್ 9ರಂದು ಮೊದಲ ಬಾರಿಗೆ ಸೇರಿದಾಗ ಅದರ ಅಧಿಕಾರದ ಮೂಲವೇ ಸಂದಿಗ್ಧವಾಗಿತ್ತು. ಅದನ್ನು ಕರೆದವರು ವೈಸರಾಯರು. ಅದರ ಚೌಕಟ್ಟನ್ನು ಹಾಕಿಕೊಟ್ಟವರು ಲಂಡನ್ನಿನಿಂದ ಬಂದ ಮಂತ್ರಿಗಳು. ಮುಸ್ಲಿಂ ಲೀಗಿನ ಸದಸ್ಯರು ಹೊರಗುಳಿದಿದ್ದರು. ಈ ಅನಿಶ್ಚಿತತೆಯ ನಡುವೆ ರಾಯರು ಬೇರೆ ಬೇರೆ ದೇಶಗಳ ಸಂವಿಧಾನಗಳಿಂದ ಪೂರ್ವನಿದರ್ಶನಗಳನ್ನು ಸಂಕಲಿಸಿ ಸದಸ್ಯರಿಗೆ ಒದಗಿಸಿದರು. 1947ರ ಮಾರ್ಚಿಯಲ್ಲಿ ಸಂವಿಧಾನದ ಮುಖ್ಯ ಲಕ್ಷಣಗಳನ್ನು ಕುರಿತ ಪ್ರಶ್ನಾವಳಿಯೊಂದನ್ನು ಕಳುಹಿಸಿದರು.

ಜೂನ್ 3ರ ವಿಭಜನಾ ಯೋಜನೆಯ ನಂತರ ಘಟನೆಗಳು ತ್ವರಿತಗೊಂಡವು. ಜುಲೈ 4ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಮಂಡಿತವಾದ ಭಾರತ ಸ್ವಾತಂತ್ರ್ಯ ಮಸೂದೆಗೆ ಜುಲೈ 18ರಂದು ರಾಜಸಮ್ಮತಿ ದೊರೆಯಿತು. ಲಂಡನ್ನಿನಲ್ಲಿ ಸಿದ್ಧವಾದ ಈ ಶಾಸನದ ಕರ್ತೃತ್ವವನ್ನು ರಾಯರಿಗೆ ಆರೋಪಿಸಲಾಗದು; ಆದರೆ ಅವರ ಮುಂದಿನ ಕೆಲಸಕ್ಕೆ ಅದೇ ನೆಲಗಟ್ಟಾಯಿತು. ಕೇವಲ 20 ಪ್ರಕರಣಗಳು ಮತ್ತು 3 ಅನುಸೂಚಿಗಳ ಆ ಶಾಸನವು ಆಗಸ್ಟ್ 15ರಿಂದ ಎರಡು ಡೊಮಿನಿಯನ್‌ಗಳನ್ನು ಸ್ಥಾಪಿಸಿತು. 6ನೆಯ ಪ್ರಕರಣವು ಅವುಗಳ ಶಾಸಕಾಂಗಗಳಿಗೆ, ಇಂಗ್ಲೆಂಡಿನ ಕಾನೂನಿಗೆ ವಿರುದ್ಧವಾದರೂ ಊರ್ಜಿತವಾಗುವ ಶಾಸನಗಳನ್ನು ಮಾಡುವ ಪೂರ್ಣಾಧಿಕಾರವನ್ನು ಕೊಟ್ಟಿತು. 7ನೆಯ ಪ್ರಕರಣವು ಬ್ರಿಟಿಷ್ ಸರ್ಕಾರದ ಹೊಣೆಗಾರಿಕೆಯನ್ನೂ ದೇಶೀಯ ಸಂಸ್ಥಾನಗಳ ಮೇಲಿನ ಪರಮಾಧಿಕಾರವನ್ನೂ ಕೊನೆಗೊಳಿಸಿತು. ಮೈಸೂರು ಮೊದಲಾದ ಸಂಸ್ಥಾನಗಳು ಪ್ರವೇಶಪತ್ರಗಳಿಗೆ ಸಹಿ ಮಾಡಿ ಭಾರತವನ್ನು ಸೇರಬೇಕಾಗಿ ಬಂದುದು ಈ ಕಾರಣದಿಂದಲೇ. 8ನೆಯ ಪ್ರಕರಣದಂತೆ ಸಂವಿಧಾನ ರಚನಾ ಸಭೆಯೇ ಶಾಸಕಾಂಗವೂ ಆಯಿತು. ಹೊಸ ಸಂವಿಧಾನ ಸಿದ್ಧವಾಗುವವರೆಗೆ 1935ರ ಶಾಸನವೇ ತಕ್ಕ ಮಾರ್ಪಾಡುಗಳೊಡನೆ ಆಡಳಿತಕ್ಕೆ ಆಧಾರವಾಯಿತು. 18ನೆಯ ಪ್ರಕರಣವು ಜಾರಿಯಲ್ಲಿದ್ದ ಕಾನೂನನ್ನು ಮುಂದುವರಿಸಿತು. ಹೀಗೆ ಆಳ್ವಿಕೆ ತುಂಡಾಯಿತು, ಕಾನೂನಿನ ಎಳೆ ತುಂಡಾಗಲಿಲ್ಲ. ಗಡಿಭಾಗಗಳಲ್ಲಿ ಲಕ್ಷಾಂತರ ಜನರ ಪ್ರಾಣ ಮಾನಗಳನ್ನು ಉಳಿಸಲು ಈ ಅಚ್ಚುಕಟ್ಟಾದ ಏರ್ಪಾಡು ಸಾಲದಾಯಿತು ಎಂಬ ಕಟುಸತ್ಯವನ್ನು ಇಲ್ಲಿ ಮರೆಯುವಂತಿಲ್ಲ.

ಸಭೆಯ ಸಮಿತಿಗಳ ವರದಿಗಳನ್ನೂ ಸಭೆಯ ನಿರ್ಣಯಗಳನ್ನೂ ಆಧರಿಸಿ ರಾಯರು 1947ರ ಅಕ್ಟೋಬರ್ ವೇಳೆಗೆ 243 ಅನುಚ್ಛೇದಗಳು ಮತ್ತು 13 ಅನುಸೂಚಿಗಳ ಮೊದಲ ಕರಡನ್ನು ಸಿದ್ಧಪಡಿಸಿದರು. ಡಾ. ಬಿ.ಆರ್. ಅಂಬೇಡ್ಕರ್ ಅವರ ಅಧ್ಯಕ್ಷತೆಯ ಕರಡು ಸಮಿತಿಯು ಇದನ್ನು ಪರಿಶೀಲಿಸಿ, ಮಾರ್ಪಡಿಸಿ, 1948ರ ಫೆಬ್ರವರಿಯಲ್ಲಿ 315 ಅನುಚ್ಛೇದಗಳ ತನ್ನ ಕರಡನ್ನು ಒಪ್ಪಿಸಿತು. ರಾಯರ ಕರಡು ಆರಂಭಬಿಂದು. ಸಭೆಯ ಮುಂದೆ ಪ್ರತಿಯೊಂದು ವಿಧಿಯನ್ನೂ ಸಮರ್ಥಿಸಿ, ಅದಕ್ಕೆ ಸಾಮಾಜಿಕ ನ್ಯಾಯದ ದೃಷ್ಟಿಯನ್ನು ತುಂಬಿ ದಡ ಸೇರಿಸಿದವರು ಅಂಬೇಡ್ಕರರು. 1949ರ ನವೆಂಬರ್ 25ರ ತಮ್ಮ ಸಮಾರೋಪ ಭಾಷಣದಲ್ಲಿ ಅವರು ರಾಯರ ಪಾಲನ್ನು ಉದಾರವಾಗಿ ಸ್ಮರಿಸಿದ್ದಾರೆ. ಆದುದರಿಂದ ಈ ಇಬ್ಬರಲ್ಲಿ ಒಬ್ಬರನ್ನು ಎತ್ತಲು ಇನ್ನೊಬ್ಬರನ್ನು ಇಳಿಸುವ ವಾದಗಳಿಗೆ ದಾಖಲೆಗಳ ಬೆಂಬಲವಿಲ್ಲ.

ಇದೇ ಅವಧಿಯಲ್ಲಿ ರಾಯರ ನೆರವು ನೆರೆಯ ಬರ್ಮಾಕ್ಕೂ ಸಂದಿತು. ಆ ದೇಶದ ಸಂವಿಧಾನ ಸಲಹೆಗಾರ ಊ ಚಾನ್ ಟೂನ್ ಅವರು ದೆಹಲಿಗೆ ಬಂದು ರಾಯರೊಡನೆ ಸಮಾಲೋಚಿಸಿದರು. ನಾಯಕ ಆಂಗ್ ಸಾನ್ ಅವರು 1947ರ ಜುಲೈ 19ರಂದು ಕೊಲೆಗೀಡಾದರೂ ರಚನಾಕಾರ್ಯ ನಿಲ್ಲದೆ ಸೆಪ್ಟೆಂಬರ್ 24ರಂದು ಬರ್ಮಾದ ಸಂವಿಧಾನ ಅಂಗೀಕೃತವಾಯಿತು. ಅಕ್ಟೋಬರ್ 17ರಂದು ಊ ನು ಮತ್ತು ಆಟ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಡಿಸೆಂಬರ್‌ನಲ್ಲಿ ಬರ್ಮಾ ಸ್ವಾತಂತ್ರ್ಯ ಶಾಸನ ಹೊರಬಂದು, 1948ರ ಜನವರಿ 4ರಂದು ಬರ್ಮಾ ಗಣರಾಜ್ಯವಾಯಿತು. ಎರಡು ದೇಶಗಳ ದಾರಿಗಳಲ್ಲಿದ್ದ ಅಂತರ ಗಮನಾರ್ಹವಾದುದು. ಭಾರತವು ಮೊದಲು ಡೊಮಿನಿಯನ್ ಆಗಿ, ಆಮೇಲೆ ತನ್ನ ಸಂವಿಧಾನವನ್ನು ರಚಿಸಿಕೊಂಡು ಗಣರಾಜ್ಯವಾಗಿ, 1949ರ ಲಂಡನ್ ಘೋಷಣೆಯ ಮೂಲಕ ಕಾಮನ್‌ವೆಲ್ತ್‌ನಲ್ಲಿ ಉಳಿಯಿತು. ಬರ್ಮಾ ಸಂವಿಧಾನವನ್ನು ಮೊದಲೇ ಸಿದ್ಧಗೊಳಿಸಿಕೊಂಡು, ನೇರವಾಗಿ ರಾಜಪ್ರಭುತ್ವದ ವ್ಯಾಪ್ತಿಯಿಂದ ಹೊರಗೆ ನಡೆಯಿತು.

1947ರ ಕೊನೆಯ ತಿಂಗಳುಗಳಲ್ಲಿ ರಾಯರು ಅಮೆರಿಕ, ಕೆನಡಾ, ಐರ್ಲೆಂಡ್ ಮತ್ತು ಇಂಗ್ಲೆಂಡುಗಳಲ್ಲಿ ಸಂಚರಿಸಿ ಸಂವಿಧಾನ ತಜ್ಞರನ್ನು ಕಂಡರು. ಶಾಸಕಾಂಗವು ಮಾಡಿದ ಕಾನೂನು ನ್ಯಾಯೋಚಿತವೇ ಎಂದು ಅಳೆಯುವ ಅಧಿಕಾರವನ್ನು ಕೆಲವೇ ನ್ಯಾಯಾಧೀಶರ ಕೈಗಿಡುವುದು ಪ್ರಜಾಸತ್ತೆಗೆ ಒಪ್ಪದು ಎಂಬ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರ ಅಭಿಪ್ರಾಯ ಅವರ ಮೇಲೆ ಪ್ರಭಾವ ಬೀರಿತು. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಪಾಡುವ ವಿಧಿಯಲ್ಲಿ ನ್ಯಾಯೋಚಿತ ಪ್ರಕ್ರಿಯೆ ಎಂಬ ಕಲ್ಪನೆಯ ಬದಲಿಗೆ ಕಾನೂನು ಸ್ಥಾಪಿಸಿದ ಕಾರ್ಯವಿಧಾನ ಎಂಬುದು ಸೇರಿಕೊಂಡಿತು. ಇದರ ಪರಿಣಾಮವಾಗಿ 1950ರ ಎ.ಕೆ. ಗೋಪಾಲನ್ ಪ್ರಕರಣದಲ್ಲಿ, ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟ ಕ್ರಮವನ್ನು ಪ್ರಶ್ನಿಸಿದ ಬಂಧಿತನಿಗೆ ಬಿಡುಗಡೆ ದೊರೆಯಲಿಲ್ಲ. ಕಾರ್ಯವಿಧಾನವು ನ್ಯಾಯಯುತವಾಗಿರಲೇಬೇಕೆಂದು ಸುಪ್ರೀಂ ಕೋರ್ಟು 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಸಾರುವವರೆಗೂ ಈ ಕೊರತೆ ಉಳಿಯಿತು. ಸಾಮ್ರಾಜ್ಯದ ಅಧಿಕಾರಶಾಹಿಯಲ್ಲಿ ಬೆಳೆದ ರಾಯರಿಗೆ ಸರ್ಕಾರದ ಮೇಲಿದ್ದ ನಂಬಿಕೆ ಇಲ್ಲಿ ಮಿತಿಮೀರಿತೆಂಬ ಟೀಕೆಯನ್ನು ತಳ್ಳಿಹಾಕಲಾಗದು.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ ಮೂರು ಅನುಚ್ಛೇದಗಳು ಮೇಲಿನ ಇಕ್ಕಟ್ಟಿಗೆ ಭಾರತ ಕೊಟ್ಟ ಉತ್ತರಗಳಾಗಿವೆ. 372ನೆಯದು ಹಳೆಯ ಕಾನೂನುಗಳನ್ನು ಮುಂದುವರಿಸುತ್ತದೆ; 13ನೆಯದು ಅವುಗಳಲ್ಲಿ ಮೂಲಭೂತ ಹಕ್ಕುಗಳಿಗೆ ಹೊಂದದ ಅಂಶವನ್ನು ಶೂನ್ಯಗೊಳಿಸುತ್ತದೆ; 395ನೆಯದು 1935ರ ಶಾಸನವನ್ನಷ್ಟೇ ಅಲ್ಲದೆ, ಸ್ವಾತಂತ್ರ್ಯ ಕೊಟ್ಟ 1947ರ ಶಾಸನವನ್ನೂ ರದ್ದುಪಡಿಸುತ್ತದೆ. ಸಂವಿಧಾನವನ್ನು ಗವರ್ನರ್ ಜನರಲ್ಲರ ಸಮ್ಮತಿಗೆ ಕಳುಹಿಸಲಿಲ್ಲ. ಸಭೆಯ ಅಧ್ಯಕ್ಷರಾದ ರಾಜೇಂದ್ರ ಪ್ರಸಾದರ ಸಹಿಯೇ ಅದಕ್ಕೆ ಸಾಕಾಯಿತು. ದಾಟಿಸಿದ ಸೇತುವೆಯನ್ನು ದಾಟಿದ ಮೇಲೆ ಕಳಚಿಹಾಕಿದಂತಾಯಿತು. ಆದರೆ ಮುಂದುವರಿದ ಕಾನೂನಿನ ಭಾರ ಹಗುರವಾದುದಾಗಿರಲಿಲ್ಲ. 1860ರ ಭಾರತೀಯ ದಂಡ ಸಂಹಿತೆಯ ಸ್ಥಾನದಲ್ಲಿ ಹೊಸ ಸಂಹಿತೆ ಜಾರಿಗೆ ಬಂದುದು 2024ರ ಜುಲೈ 1ರಂದು.

ಸಂವಿಧಾನ ಜಾರಿಗೆ ಬಂದಾಗ ರಾಯರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷಪೀಠದಲ್ಲಿದ್ದವರೂ ಅವರೇ. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದ ಅವರು 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ನಿಧನರಾದರು. ಅವರ ಟಿಪ್ಪಣಿಗಳನ್ನೂ ಬರಹಗಳನ್ನೂ ಸೋದರ ಶಿವರಾಯರು ಸಂಪಾದಿಸಿ 1960ರಲ್ಲಿ ಪ್ರಕಟಿಸಿದರು.

ರಾಯರು ಜನನಾಯಕರಲ್ಲ; ಸೆರೆಮನೆ ಕಂಡವರೂ ಅಲ್ಲ. ವಸಾಹತು ಸರ್ಕಾರದ ಸೇವೆಯಲ್ಲಿ ಮೂರೂವರೆ ದಶಕ ಕಳೆದ ಅಧಿಕಾರಿಯೊಬ್ಬರು, ಆ ಸೇವೆಯಲ್ಲಿ ಕಲಿತ ವಿದ್ಯೆಯನ್ನೇ ಅದರ ಅಂತ್ಯಕ್ಕೆ ವಿನಿಯೋಗಿಸಿದರು ಎಂಬುದು ಅವರ ಜೀವನದ ವೈಶಿಷ್ಟ್ಯ. ಹೋರಾಟವು ಗಳಿಸಿದ ಸ್ವಾತಂತ್ರ್ಯ ಮರುದಿನದ ನ್ಯಾಯಾಲಯದಲ್ಲಿ, ಖಜಾನೆಯಲ್ಲಿ, ನೋಂದಣಿ ಕಚೇರಿಯಲ್ಲಿ ನಿಲ್ಲುವಂತೆ ಮಾಡಿದ ಬರವಣಿಗೆಯಲ್ಲಿ ಅವರ ಲೇಖನಿಯ ಪಾಲು ದೊಡ್ಡದು. ಅದರ ಬಲದಂತೆ ಅದರ ಮಿತಿಯೂ ದೇಶದ ಪಾಲಿಗೆ ಬಂದಿದೆ.