ಬೆಳ್ಳಿಗೆ ಬೆಲೆ ತಂದ ಪಾಲ್ ಡಿ ಲಾಮೆರಿ

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಮನೆತನವೊಂದರ ಅಂತಸ್ತನ್ನು ತಿಳಿಯಲು ಅದರ ಊಟದ ಮೇಜನ್ನು ನೋಡಿದರೆ ಸಾಕಿತ್ತು. ಬೆಳ್ಳಿಯ ತಟ್ಟೆ, ಬಟ್ಟಲು, ಹರಿವಾಣಗಳ ಮೇಲೆ ಆ ಮನೆತನದ ಲಾಂಛನ ಕೊರೆದಿರುತ್ತಿತ್ತು. ಅಂಥ ಪಾತ್ರೆಗಳನ್ನು ನಿರ್ಮಿಸಿದವರಲ್ಲಿ ಅಗ್ರಗಣ್ಯನೆನಿಸಿದವನು ನಿರಾಶ್ರಿತರ ಮಗನಾದ ಪಾಲ್ ಡಿ ಲಾಮೆರಿ.

ಫ್ರಾನ್ಸಿನ ಪ್ರಾಟೆಸ್ಟೆಂಟರಿಗಿದ್ದ ಧಾರ್ಮಿಕ ಹಕ್ಕುಗಳನ್ನು ದೊರೆ ಹದಿನಾಲ್ಕನೆಯ ಲೂಯಿ 1685ರಲ್ಲಿ ರದ್ದುಪಡಿಸಿದನು. ಹ್ಯೂಗೆನಾಟರೆಂದು ಕರೆಯಲ್ಪಡುತ್ತಿದ್ದ ಆ ಜನ ಸಾವಿರಾರು ಸಂಖ್ಯೆಯಲ್ಲಿ ದೇಶ ತೊರೆದರು. ಅಂಥದೊಂದು ಕುಟುಂಬದಲ್ಲಿ ಲಾಮೆರಿ 1688ರಲ್ಲಿ ನೆದರ್ಲೆಂಡ್ಸಿನಲ್ಲಿ ಜನಿಸಿ, ಎಳೆಗೂಸಾಗಿದ್ದಾಗಲೇ ಲಂಡನ್ನಿಗೆ ಬಂದನು. 1703ರಲ್ಲಿ ತನ್ನಂತೆಯೇ ಹ್ಯೂಗೆನಾಟನಾದ ಪಿಯರ್ ಪ್ಲಾಟೆಲ್ ಬಳಿ ಶಿಷ್ಯನಾಗಿ ಸೇರಿ, 1713ರಲ್ಲಿ ಸ್ವಂತ ಮುದ್ರೆಯೊಂದಿಗೆ ಅಂಗಡಿ ತೆರೆದನು.

ಸಿರಿವಂತರಿಗೆ ಬೆಳ್ಳಿಪಾತ್ರೆ ಅಲಂಕಾರವೂ ಹೌದು, ಆಪದ್ಧನವೂ ಹೌದು. ಶೈಲಿ ಹಳತಾದರೆ ಕರಗಿಸಿ ಹೊಸದು ಮಾಡಿಸುತ್ತಿದ್ದರು. ಒಂದನೆಯ ಜಾರ್ಜ್ ದೊರೆ 1727ರಲ್ಲಿ ತೀರಿಕೊಂಡ ಬಳಿಕ, ಆತನ ಖಜಾನೆಯ ಬೆಳ್ಳಿ ಮುದ್ರೆ ಸಂಪ್ರದಾಯದಂತೆ ಸರ್ ರಾಬರ್ಟ್ ವಾಲ್ಪೋಲನ ಪಾಲಾಯಿತು. ಆ ಬೆಳ್ಳಿಯಿಂದ ಲಾಮೆರಿ ಆತನಿಗೆ ಭವ್ಯವಾದ ಹರಿವಾಣವೊಂದನ್ನು ಮಾಡಿಕೊಟ್ಟನು.

ಆದರೆ ಕುಶಲಿಯ ಕೈ ನಿಷ್ಕಳಂಕವಾಗಿರಲಿಲ್ಲ. 1720ರಿಂದ ಬೆಳ್ಳಿಪಾತ್ರೆಗೆ ಔನ್ಸಿಗೆ 6 ಪೆನ್ಸ್ ಸುಂಕ ಬಿತ್ತು. ಸಣ್ಣ ತುಂಡೊಂದಕ್ಕೆ ಅಧಿಕೃತ ಠಸ್ಸೆ ಹಾಕಿಸಿ, ಅದನ್ನು ಭಾರದ ಪಾತ್ರೆಯ ತಳಕ್ಕೆ ಬೆಸೆದು ಸುಂಕ ತಪ್ಪಿಸುವ ತಂತ್ರವನ್ನು ಅನೇಕರು ಅನುಸರಿಸಿದರು. ಲಾಮೆರಿಯ ಕೆಲವು ಪಾತ್ರೆಗಳಲ್ಲೂ ಅದರ ಗುರುತು ಉಳಿದಿದೆ. ಅದಕ್ಕೂ ಮುನ್ನ ಠಸ್ಸೆಯಿಲ್ಲದ ಮಾಲು ಮಾರಿದ್ದಕ್ಕೆ ಅಕ್ಕಸಾಲಿಗರ ಸಂಘವಾದ ಗೋಲ್ಡ್‌ಸ್ಮಿತ್ಸ್ ಕಂಪನಿ ಆತನಿಗೆ ದಂಡ ವಿಧಿಸಿತ್ತು. ಅದೇ ಸಂಘ 1741ರಲ್ಲಿ ತನ್ನ ಸ್ವಂತ ಬಳಕೆಗೆ ಬೆಳ್ಳಿಪಾತ್ರೆಗಳನ್ನು ಮಾಡಿಸಿಕೊಂಡದ್ದು ಆತನಿಂದಲೇ.

1743ರಲ್ಲಿ ಸರ್ ರೋಜರ್ ನ್ಯೂಡಿಗೇಟನ ಮದುವೆಯ ಉಡುಗೊರೆಗಾಗಿ ಲಾಮೆರಿ ಊಟದ ಮೇಜಿನ ನಡುವೆ ಇಡುವ ಅಲಂಕಾರಪಾತ್ರೆಯನ್ನು ರಚಿಸಿದನು. ಸುರುಳಿ ಬಳ್ಳಿಗಳ ರೊಕೊಕೊ ಶೈಲಿಯ ಆ ಕೃತಿಯೂ ವಾಲ್ಪೋಲನ ಹರಿವಾಣವೂ ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿವೆ.

ಅನ್ಯರ ಮನೆತನಗಳಿಗೆ ತಲೆಮಾರುಗಳ ಆಸ್ತಿ ಮಾಡಿಕೊಟ್ಟ ಲಾಮೆರಿಗೆ ತನ್ನ ಕುಲುಮೆಯನ್ನು ಒಪ್ಪಿಸಲು ಗಂಡುಮಕ್ಕಳು ಉಳಿಯಲಿಲ್ಲ. 1751ರ ಆಗಸ್ಟ್ 1ರಂದು ಆತ ತೀರಿಕೊಂಡನು. ಅಂಗಡಿಯ ಸರಕು ಹರಾಜಾಯಿತು. ಕಾಲಕ್ರಮದಲ್ಲಿ ಅನೇಕ ಮನೆತನಗಳು ತಮ್ಮ ಬೆಳ್ಳಿಯನ್ನು ಮಾರಿಕೊಂಡವು. ಆಗ ಅದರ ಬೆಲೆ ಏರಿಸಿದ್ದು ಮೇಲಿನ ಲಾಂಛನಕ್ಕಿಂತ ಹೆಚ್ಚಾಗಿ ಲಾಮೆರಿಯ ಪುಟ್ಟ ಮುದ್ರೆ.