ದಿವಾಕರರ ಕಾಲದ ತಿದ್ದುಪಡಿ

ಧಾರವಾಡದಲ್ಲಿ 1894ರಲ್ಲಿ ಜನಿಸಿದ ರಂಗನಾಥ ದಿವಾಕರರು 1921ರಲ್ಲಿ ಕರ್ಮವೀರ ಪತ್ರಿಕೆಯನ್ನು ಆರಂಭಿಸಿದರು. ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡರು. ಮುಂದೆ ಸಂವಿಧಾನ ಸಭೆಯ ಸದಸ್ಯರಾಗಿ, ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯನ್ನೂ ವಹಿಸಿಕೊಂಡರು. ವಾಕ್‌ಸ್ವಾತಂತ್ರ್ಯದ ಮೇಲಿನ ನಿರ್ಬಂಧಗಳನ್ನು ಹಿಗ್ಗಿಸಿದ 1951ರ ಮೊದಲ ತಿದ್ದುಪಡಿ ಬಂದದ್ದು ಅವರ ಅವಧಿಯಲ್ಲೇ. ಪತ್ರಕರ್ತನಿಗೆ ಇದಕ್ಕಿಂತ ಇಕ್ಕಟ್ಟಿನ ಹುದ್ದೆ ಇರಲಾರದು! ಆದರೆ ನಿರ್ಬಂಧವು ಸಮಂಜಸವಾಗಿರಬೇಕೆಂಬ ಷರತ್ತನ್ನು ಸೇರಿಸಿದ್ದೂ ಅದೇ ತಿದ್ದುಪಡಿ. ಅಳೆಯುವ ತಕ್ಕಡಿ ನ್ಯಾಯಾಲಯದ ಕೈಗೆ ಬಂತು.

ಅಂದಿನ ಕಾರಣಗಳ ಪಟ್ಟಿಯಲ್ಲಿ ಸಾರ್ವಜನಿಕ ಆರೋಗ್ಯದ ಉಲ್ಲೇಖವಿಲ್ಲ. ಜಾಹೀರಾತೂ ಅಭಿವ್ಯಕ್ತಿಯೇ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪಿತ್ತಿತು. 2003ರ ಕಾಯ್ದೆ ತಂಬಾಕಿನ ಜಾಹೀರಾತನ್ನು ನಿಷೇಧಿಸಿತು. ಆ ನಿಷೇಧ ನನಗೆ ಸಮ್ಮತ. ಕರ್ಮವೀರದ ಸಂಪಾದಕೀಯವೂ ಸಿಗರೇಟಿನ ಫಲಕವೂ ಒಂದೇ ತೂಕದ ಮಾತುಗಳಲ್ಲ.

ದಿವಾಕರರು 1952ರಲ್ಲಿ ಬಿಹಾರದ ರಾಜ್ಯಪಾಲರಾದರು, 1990ರಲ್ಲಿ ನಿಧನರಾದರು.